ಸಿಸ್ಟರ್ ಡಬ್ಬಿಯ ಅಂಗಿಗುಂಡಿಗಳು

ಮೊನ್ನೆ ನಮ್ಮ ಯಜಮಾನರ ಅಂಗಿಯ ಗುಂಡಿಯೊಂದು ಎಲ್ಲೋ ಬಿದ್ದುಹೋಯಿತು. ಅಂಗಿ ಇನ್ನೂ ಹೊಸದು, ಮೂಲೆಗೆ ಹಾಕಲು ಮನಸ್ಸಾಗಲಿಲ್ಲ. ಕೆಳಗಿನ ಗುಂಡಿಯನ್ನು ಮಾದರಿಗೆಂದು ಕತ್ತರಿಸಿ ಪರ್ಸಿನಲ್ಲಿ ಹಾಕಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. ದಾರ, ಲೇಸು, ಸೀರೆ ಫಾಲ್ ಮಾರುವ ಹಳೆಯ ಅಂಗಡಿ. ಅಂಗಡಿಯವರು ಗುಂಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ತಗಡಿನ ಬಿಸ್ಕತ್ ಡಬ್ಬಿ ತೆಗೆದು ಗಾಜಿನ ಮೇಜಿನ ಮೇಲೆ ಬೋರಲು ಹಾಕಿದರು. ನೂರಾರು ಗುಂಡಿಗಳು ಚರಪರ ಎಂದು ಉರುಳಿ ಹರಡಿಕೊಂಡವು. ಆ ಸದ್ದಿಗೆ ನನ್ನ ಕೈ ಅಲ್ಲೇ ನಿಂತುಬಿಟ್ಟಿತು...

ಸಿಸ್ಟರ್ ದಿನಾ ಬೆಳಿಗ್ಗೆ ಹೀಗೆಯೇ ಡಬ್ಬಿ ಸುರಿಯುತ್ತಿದ್ದರು. ಸ್ಪಿರಿಟ್ ವಾಸನೆಯ ಮೇಜು, ಅದರ ಮೇಲೆ ಒಂದು ಹಳೆಯ ಪೇಪರು, ಪೇಪರಿನ ಮೇಲೆ ಬಣ್ಣಬಣ್ಣದ ಅಂಗಿಗುಂಡಿಗಳು. ಜೋಡಿ ಇರುವುದನ್ನು ಒಂದು ಕಡೆ, ಒಂಟಿ ಉಳಿದದ್ದನ್ನು ಒಂದು ಕಡೆ ಮಾಡುತ್ತಿದ್ದರು. ನೋಡಿದವರು ಇದೊಂದು ದರ್ಜಿ ಅಂಗಡಿ ಎಂದುಕೊಳ್ಳಬೇಕು. ಅದು ಕ್ಲಿನಿಕ್ಕು, ಅದೂ ಯಾರೂ ಹೆಸರೆತ್ತದ ರೋಗಗಳ ಕ್ಲಿನಿಕ್ಕು.

ಆಗ ನನ್ನ ಡಿಗ್ರಿ ಮುಗಿದು ಒಂದು ವರ್ಷವಾಗಿತ್ತು. ವಿನೋಬನಗರದ ನಮ್ಮ ಮನೆಯಲ್ಲಿ ನನಗೆ ಗಂಡು ಹುಡುಕುವ ಕೆಲಸ ಭರದಿಂದ ನಡೆದಿತ್ತು. ಅಲ್ಲಿಯವರೆಗೆ ಮನೆಯಲ್ಲಿ ಕೂತು ಮಾಡುವುದೇನು ಎಂದು ನಾನು ಶಿವಮೊಗ್ಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಎರಡು ಕೋಣೆಯ ಆ ಕ್ಲಿನಿಕ್ಕಿಗೆ ದಾಖಲೆ ಬರೆಯುವ ಕೆಲಸಕ್ಕೆ ಸೇರಿದೆ. ಗಂಡು ಹೆಣ್ಣಿನ ಸಂಪರ್ಕದಿಂದ ಹರಡುವ ರೋಗಗಳನ್ನು ತಡೆಯಲು ಹಲವು ದೇಶಗಳು ಸೇರಿ ನಡೆಸುತ್ತಿದ್ದ ಯೋಜನೆ ಅದು. ಔಷಧಿ ಒಂದು ದೇಶದ್ದು, ರಕ್ತ ಪರೀಕ್ಷೆಯ ಕಿಟ್ಟು ಇನ್ನೊಂದು ದೇಶದ್ದು, ಫಾರಂ ಮತ್ತೊಂದು ದೇಶದ್ದು. ನಮ್ಮ ಪಾಲಿಗೆ ಬಂದದ್ದು ರೋಗಿಗಳು ಮತ್ತು ಲಟಲಟ ಎನ್ನುವ ಒಂದು ಫ್ಯಾನು. ಅಮ್ಮ ನೆಂಟರಿಷ್ಟರ ಮುಂದೆ "ಫಾರಿನ್ ಪ್ರಾಜೆಕ್ಟಲ್ಲಿದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಯಾವ ಪ್ರಾಜೆಕ್ಟು ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿ ನರ್ಸಾಗಿದ್ದ ಸಿಸ್ಟರ್ ಭದ್ರಾವತಿಯವರು. ಐವತ್ತು ದಾಟಿತ್ತು. ತೆಳ್ಳಗಿನ ಮೈ, ಗಟ್ಟಿ ದನಿ, ದಿನಕ್ಕೆ ಐದಾರು ಲೋಟ ಕಾಫಿ. ಅವರ ತಂದೆ ಕಾರ್ಖಾನೆ ಕ್ವಾರ್ಟರ್ಸಿನ ಹತ್ತಿರ ದರ್ಜಿಯಾಗಿದ್ದರಂತೆ. ಆ ಓಣಿಯಲ್ಲಿ ಬೆಳೆದದ್ದರಿಂದ ಸಿಸ್ಟರಿಗೆ ತಮಿಳು, ತೆಲುಗು, ಉರ್ದು ಎಲ್ಲವೂ ಬರುತ್ತಿತ್ತು. ಬಂದ ರೋಗಿ ಯಾವ ಭಾಷೆಯಲ್ಲಿ ನಾಚಿಕೊಳ್ಳುತ್ತಾನೋ ಅದೇ ಭಾಷೆಯಲ್ಲಿ ಅವನನ್ನು ಮಾತಾಡಿಸುತ್ತಿದ್ದರು. ನನ್ನನ್ನು ಮಾತ್ರ ಕನ್ನಡದಲ್ಲೇ ಬೈಯುತ್ತಿದ್ದರು. ಹೊಗಳಿಕೆ ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಸಿಡುಕಿನ ಹೆಂಗಸು ಎಂದು ಮೊದಲ ತಿಂಗಳು ನಾನು ಮನೆಯಲ್ಲಿ ದೂರಿದ್ದೇ ದೂರಿದ್ದು.

ವಾರಕ್ಕೆರಡು ದಿನ ನಾವು ಭದ್ರಾವತಿಯಲ್ಲೂ ಕ್ಲಿನಿಕ್ ನಡೆಸುತ್ತಿದ್ದೆವು. ಒಮ್ಮೆ ಅಲ್ಲಿಗೆ ಹೋಗುವ ಬಸ್ಸಿನಲ್ಲಿ, ಹಿಂದಿನ ದಿನವಷ್ಟೇ ಇಂಜೆಕ್ಷನ್ ತೆಗೆದುಕೊಂಡಿದ್ದ ಒಬ್ಬ ಹೆಂಗಸು ಸಂಸಾರ ಸಮೇತ ನಮ್ಮ ಎದುರಿಗೇ ಕೂತಳು. ನಾನು ಪರಿಚಯದ ನಗೆ ನಗಲು ಹೊರಟಿದ್ದೆ. ಸಿಸ್ಟರ್ ನನ್ನ ಮೊಣಕೈ ಒತ್ತಿ ಹಿಡಿದು ಕಿಟಕಿಯ ಹೊರಗೆ ನೋಡತೊಡಗಿದರು. ಇಳಿದ ಮೇಲೆ ಹೇಳಿದರು, "ಅವರು ಮೊದಲು ನಕ್ರೆ ನಗು. ಇಲ್ಲಾಂದ್ರೆ ನಿನಗೆ ಅವರು ಯಾರೋ, ಅವರಿಗೆ ನೀನು ಯಾರೋ. ಈ ಕೆಲಸದಲ್ಲಿ ಅರ್ಧ ಔಷಧಿ ಅದೇ ಮಾರಾಯ್ತಿ." ಆಗ ನನಗೆ ಅದರಲ್ಲಿ ಅರ್ಧ ಮಾತ್ರ ಅರ್ಥವಾಯಿತು.

ಈ ರೋಗಗಳಲ್ಲಿ ಒಬ್ಬರಿಗೆ ಔಷಧಿ ಕೊಟ್ಟರೆ ಸಾಲದು. ಗಂಡನಿಗೆ ಕೊಟ್ಟು ಹೆಂಡತಿಯನ್ನು ಬಿಟ್ಟರೆ, ಹೆಂಡತಿಗೆ ಕೊಟ್ಟು ಗಂಡನನ್ನು ಬಿಟ್ಟರೆ, ರೋಗ ಆ ಕಡೆಯಿಂದ ಈ ಕಡೆಗೆ ಮತ್ತೆ ಬರುತ್ತದೆ. ಅದಕ್ಕೆ ಹೊರದೇಶದವರು ಒಂದು ಕಾರ್ಡು ಮಾಡಿ ಕಳಿಸಿದ್ದರು. ಬಂದವರ ಕೈಗೆ ಆ ಕಾರ್ಡು ಕೊಡಬೇಕು, ಅವರು ಅದನ್ನು ತಮ್ಮ ಜೋಡಿಯವರಿಗೆ ಕೊಡಬೇಕು, ಅವರು ಅದನ್ನು ಹಿಡಿದು ನಮ್ಮಲ್ಲಿಗೆ ಬರಬೇಕು. ಕಾರ್ಡಿನ ಮೇಲೆ ಕ್ಲಿನಿಕ್ಕಿನ ಗುರುತು ಮತ್ತು ಒಂದು ನಂಬರು ಮಾತ್ರ. ಹೆಸರು ಬರೆಯುವಂತಿಲ್ಲ. ಎಲ್ಲ ದೇಶಗಳಿಗೂ ಒಂದೇ ನಿಯಮ.

ಆ ನಿಯಮವನ್ನು ಮುರಿದವಳು ನಾನು. ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ಅಭ್ಯಾಸದಿಂದ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹೆಸರಿನ ಮುಂದೆ ಗಂಡಸಾದರೆ 'ಬಿನ್' ಎಂದು ತಂದೆಯ ಹೆಸರು, ಹೆಂಗಸಾದರೆ 'ಕೋಂ' ಎಂದು ಗಂಡನ ಹೆಸರು ಇಲ್ಲದ ಅರ್ಜಿಯನ್ನು ಅವರು ಮುಟ್ಟಿಯೂ ನೋಡುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದೇ ಅಂಥ ಅರ್ಜಿಗಳ ಹಿಂಬದಿಯಲ್ಲಿ. ಬರೀ ನಂಬರಿದ್ದ ಆ ಕಾರ್ಡು ನನ್ನ ಕಣ್ಣಿಗೆ ಅರೆಬರೆಯಾಗಿ ಕಾಣುತ್ತಿತ್ತು. ಸಿಸ್ಟರ್ ತಂಗಿಯ ಮನೆಯ ಕಾರ್ಯಕ್ಕೆಂದು ಎರಡು ದಿನ ರಜೆ ಹಾಕಿದಾಗ, ಅವರು ಬರುವಷ್ಟರಲ್ಲಿ ಕೆಲಸ ಅಚ್ಚುಕಟ್ಟಾಗಿರಲಿ ಎಂದು ಹನ್ನೊಂದು ಕಾರ್ಡುಗಳ ಮೇಲೆ ಗುಂಡಾದ ಅಕ್ಷರದಲ್ಲಿ ಇಂಥವಳು ಕೋಂ ಇಂಥವನು, ಇಂಥ ಬೀದಿ ಎಂದು ಬರೆದು ಹಂಚಿಬಿಟ್ಟೆ.

ಅದರಲ್ಲಿ ಒಂದು, ನನ್ನದೇ ವಯಸ್ಸಿನ ಒಬ್ಬ ಹುಡುಗಿಯ ಕೈಗೆ ಹೋಯಿತು. ಆರು ತಿಂಗಳ ಬಸುರಿ. ತವರು ಶಿವಮೊಗ್ಗದ್ದೇ ಗೋಪಾಳ, ಕೊಟ್ಟದ್ದು ಭದ್ರಾವತಿಗೆ, ಗಂಡ ಲಾರಿ ಓಡಿಸುತ್ತಿದ್ದ. ಅವಳ ರಕ್ತದಲ್ಲಿ ಸಿಫಿಲಿಸ್ ಕಂಡಿತ್ತು. ನಮ್ಮ ಕಡೆ ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದರಲ್ಲ, ಅದೇ. ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರೆ ತಾಯಿಯೂ ಉಳಿಯುತ್ತಾಳೆ, ಮಗುವೂ ಉಳಿಯುತ್ತದೆ. ಬಿಟ್ಟರೆ ಹೊಟ್ಟೆಯಲ್ಲೇ ಮಗು ಹೋಗಬಹುದು, ಹುಟ್ಟಿದರೂ ಕಣ್ಣು, ಮೂಳೆ ಯಾವುದಕ್ಕೂ ಖಾತ್ರಿಯಿಲ್ಲ. ಮೊದಲನೆಯ ಇಂಜೆಕ್ಷನ್ ಆಗಿತ್ತು.

ಎರಡನೆಯದಕ್ಕೆ ಅವಳು ಬರಲಿಲ್ಲ. ಮರುವಾರವೂ ಇಲ್ಲ. ಕೊನೆಗೆ ಅವಳ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದು ಹೇಳಿದ ಮೇಲೆ ಗೊತ್ತಾಯಿತು. ಕಾರ್ಡು ಅತ್ತೆಯ ಕೈಗೆ ಸಿಕ್ಕಿತ್ತು. ಸೊಸೆಯ ಹೆಸರು, ಮಗನ ಹೆಸರು ಎರಡೂ ಇರುವ ಈ ಚೀಟಿ ಏನು ಎಂದು ಆ ಅತ್ತೆ ಮೆಡಿಕಲ್ ಶಾಪಿಗೆ ಒಯ್ದು ತೋರಿಸಿದ್ದರು. ಅಂಗಡಿಯವನು ನಾಲ್ಕು ಜನರೆದುರು, "ಇದು ಆ ರೋಗದ ಕ್ಲಿನಿಕ್ಕಿಂದಲ್ವಾ" ಎಂದುಬಿಟ್ಟಿದ್ದ. ಸಂಜೆಯೊಳಗೆ ಹುಡುಗಿಯನ್ನು ತವರಿಗೆ ಕಳಿಸಿ, ಕರೆಸಿದಾಗ ಬಂದರೆ ಸಾಕು ಎಂದಿದ್ದರು. ಅವಳು ಗೋಪಾಳದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಳು, ಕ್ಲಿನಿಕ್ಕಿನ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಸಿಸ್ಟರ್ ನನ್ನ ಕಡೆ ಕೈ ಚಾಚಿದರು. ನಾನು ಆ ದಿನದ ಪಟ್ಟಿ ಕೊಟ್ಟೆ, ಅದರಲ್ಲೂ ಹನ್ನೊಂದು ಕೋಂಗಳಿದ್ದವು. ಅವರು ಮೇಲಿನಿಂದ ಕೆಳಗಿನವರೆಗೆ ಓದಿದರು. ಬೈಯಲಿಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ," ಎಂದರು, "ಯಾರು ಬೇಕಾದ್ರೂ ಓದ್ಬಹುದು." ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಇವತ್ತಿಗೂ ಚಂದಗೆ ಬರೆದ ಲಕೋಟೆ ಕಂಡರೆ ನನ್ನ ಮುಖ ಬಿಸಿಯಾಗುತ್ತದೆ...

ಉಳಿದ ಹತ್ತು ಕಾರ್ಡುಗಳನ್ನು ಹುಡುಕಿ ವಾಪಸು ತರುವುದು ನನ್ನ ಪಾಲಿಗೆ ಬಂತು. ಮೂರು ದಿನ ಅಲೆದು ತಂದೆ. ಅಷ್ಟರಲ್ಲಿ ಸಿಸ್ಟರ್ ತಮ್ಮ ಮನೆಯಿಂದ ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲೆ ಇಟ್ಟಿದ್ದರು. ತಂದೆ ದರ್ಜಿ ಅಂಗಡಿ ಮುಚ್ಚಿದಾಗ ಉಳಿದಿದ್ದ ಗುಂಡಿಗಳು. ಒಂದೇ ಥರದ ಎರಡು ಗುಂಡಿ ಆರಿಸಿ, ಒಂದನ್ನು ಆ ಹುಡುಗಿಯ ಫೈಲಿನ ಮೂಲೆಗೆ ದಾರದಿಂದ ಹೊಲಿದರು, ಇನ್ನೊಂದನ್ನು ತಮ್ಮ ಕರ್ಚೀಫಿನಲ್ಲಿ ಗಂಟು ಹಾಕಿಕೊಂಡರು. "ಗಂಡಸಿನ ಜೇಬಲ್ಲಿ ಅಂಗಿಗುಂಡಿ ಇದ್ರೆ ಯಾವ ಅತ್ತೆ ಕೇಳ್ತಾಳೆ ಹೇಳು," ಎಂದರು. ಹೆಸರಿಲ್ಲ, ನಂಬರಿಲ್ಲ, ಗುರುತಿಲ್ಲ. ಗುಂಡಿ ತಂದವನ ಜೋಡಿ ಯಾವ ಫೈಲಿನಲ್ಲಿದೆ ಎಂದು ನಮಗೆ ಮಾತ್ರ ಗೊತ್ತಾಗುತ್ತದೆ. ನನಗೆ ಅದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲು ಗೋಪಾಳಕ್ಕೆ ಹೋದೆವು. ಸಿಸ್ಟರ್ ಬಿಳಿ ಸೀರೆ ಬಿಟ್ಟು ಹಸಿರು ಸೀರೆ ಉಟ್ಟು, ಒಂದು ಮಾರು ಮಲ್ಲಿಗೆ, ಹಸಿರು ಬಳೆ, ಒಂದು ಡಬ್ಬಿ ಕೋಡುಬಳೆ ಹಿಡಿದು ಬಂದಿದ್ದರು. ಬಸುರಿ ಹೆಂಗಸನ್ನು ನೋಡಲು ಹೋಗುವವರ ಹಾಗೆ. ಅಕ್ಕಪಕ್ಕದವರು ಯಾರೂ ತಿರುಗಿ ನೋಡಲಿಲ್ಲ. ಒಳಗೆ ಹೋಗಿ ಹುಡುಗಿಯ ಮುಡಿಗೆ ಹೂ ಮುಡಿಸಿ, ಪಕ್ಕದಲ್ಲಿ ಕೂತು, ನನ್ನನ್ನು ತೋರಿಸಿ ಹೇಳಿದರು, "ತಪ್ಪು ಮಾಡಿದ್ದು ನಾವು. ಇವಳು ಬರೆದ್ಲು, ನಾನು ಇವಳಿಗೆ ಸರಿಯಾಗಿ ಹೇಳಿಕೊಟ್ಟಿರ್ಲಿಲ್ಲ. ನೀನು ಏನೂ ತಪ್ಪು ಮಾಡಿಲ್ಲ." ಹುಡುಗಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಸಿಟ್ಟಿರಲಿಲ್ಲ, ಅದೇ ತಡೆಯಲು ಕಷ್ಟವಾಯಿತು. ನಾನು ಕ್ಷಮಿಸು ಎಂದೆ, ಅದು ಸರಿಯಾಗಿ ಹೊರಗೆ ಬಂತೋ ಇಲ್ಲವೋ. ನಡುವೆ ಎರಡು ವಾರ ಕಳೆದುಹೋಗಿದ್ದರಿಂದ ಇಂಜೆಕ್ಷನ್ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ತುಂಬ ನೋಯುವ ಇಂಜೆಕ್ಷನ್ ಅದು. ಕೊನೆಗೆ ಹುಡುಗಿ ಎದ್ದು ಚಪ್ಪಲಿ ಹಾಕಿಕೊಂಡಳು. ನಾವು ಮೂವರೂ ಒಂದೇ ಆಟೋದಲ್ಲಿ ಕ್ಲಿನಿಕ್ಕಿಗೆ ಬಂದೆವು.

ಇನ್ನು ಗಂಡ. ಅವನು ಬರದಿದ್ದರೆ ಈ ಮೂರು ಇಂಜೆಕ್ಷನ್ ಕೂಡ ನೀರಿನಲ್ಲಿ ಹೋಮ. ಭದ್ರಾವತಿಯ ಆ ಮನೆಗೆ ಹೋದಾಗ ಅವನು ಲಾರಿ ತೆಗೆದುಕೊಂಡು ಹೋಗಿದ್ದ, ಅತ್ತೆ ಒಬ್ಬರೇ ಇದ್ದರು. ಕೂರಿ ಎನ್ನಲಿಲ್ಲ. "ಅವಳಿಗೆ ಆ ರೋಗ ಇದೆಯೋ ಇಲ್ವೋ, ಅಷ್ಟು ಹೇಳಿ ಹೋಗಿ," ಎಂದರು.

ಸಿಸ್ಟರ್ ನಿಂತುಕೊಂಡೇ ಹೇಳಿದರು, "ಅಮ್ಮಾ, ನಾಳೆ ನೀವು ಬಂದು ರಕ್ತ ಕೊಟ್ಟು ಹೋಗಿ. ಅದರಲ್ಲಿ ಏನಿದೆ ಅಂತ ನಿಮ್ಮ ಸೊಸೆ ಬಂದು ಕಾಲಿಗೆ ಬಿದ್ರೂ ನಾನು ಹೇಳಲ್ಲ."

ಅತ್ತೆ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮ ರಕ್ತದ ಬಗ್ಗೆ ಯಾರಾದರೂ ಯೋಚಿಸಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲವೇನೋ. ಸಿಸ್ಟರ್ ಕರ್ಚೀಫಿನ ಗಂಟು ಬಿಚ್ಚಿ ಗುಂಡಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. "ಮಗ ಬಂದ್ಮೇಲೆ ಇದನ್ನ ಕೊಡಿ, ತಗೊಂಡು ಬರ್ಲಿ. ಬಸುರಿ ಹೆಂಗಸರ ಗಂಡಂದಿರಿಗೆಲ್ಲ ಕೊಡ್ತಾ ಇದೀವಿ. ಹುಟ್ಟೋ ಮಗು ನಿಮ್ಮ ಮೊಮ್ಮಗು." ಎಲ್ಲ ಗಂಡಂದಿರಿಗೂ ಎಂಬುದು ಆ ಹೊತ್ತಿಗೆ ಸುಳ್ಳು. ಮರುದಿನದಿಂದ ಸಿಸ್ಟರ್ ಅದನ್ನು ನಿಜ ಮಾಡಿದರು. ರೋಗ ಇರಲಿ ಬಿಡಲಿ, ಕ್ಲಿನಿಕ್ಕಿಗೆ ಬಂದ ಪ್ರತಿಯೊಬ್ಬ ಬಸುರಿಯ ಕೈಗೂ ಒಂದು ಗುಂಡಿ, ಅದರ ಜೋಡಿ ಅವಳ ಫೈಲಿಗೆ. ಎಲ್ಲರ ಜೇಬಿನಲ್ಲೂ ಇದ್ದ ಮೇಲೆ ಯಾರ ಜೇಬನ್ನು ನೋಡಿ ಯಾರು ಬೆರಳು ತೋರಿಸುತ್ತಾರೆ.

ಒಂದು ವಾರ ಕಳೆಯಿತು. ಎರಡನೆಯ ಇಂಜೆಕ್ಷನ್ನಿಗೆ ಹುಡುಗಿ ತಾಯಿಯ ಜೊತೆ ಬಂದು ಹೋದಳು. ಬಾಗಿಲಲ್ಲಿ ಯಾವ ಗಂಡಸಿನ ನೆರಳು ಬಿದ್ದರೂ ನಾನು ತಲೆ ಎತ್ತಿ ನೋಡುತ್ತಿದ್ದೆ. ಸಿಸ್ಟರ್ ನೋಡುತ್ತಿರಲಿಲ್ಲ, ಆದರೆ ಕಾಫಿ ಲೋಟಗಳು ಹೆಚ್ಚಾಗಿದ್ದವು. ಮತ್ತೆ ನಾಲ್ಕು ದಿನದ ಮೇಲೆ, ಊಟದ ಹೊತ್ತಿಗೆ ಒಬ್ಬ ಎತ್ತರದ ಮನುಷ್ಯ ಬಂದು, ಬೆವರಿದ ಅಂಗೈಯಿಂದ ಒಂದು ನೀಲಿ ಗುಂಡಿ ಮೇಜಿನ ಮೇಲೆ ಇಟ್ಟ. ಸಿಸ್ಟರ್ ಅದೇ ನೀಲಿ ಗುಂಡಿಯ ಫೈಲು ತೆಗೆದರು. "ಊಟ ಆಯ್ತಾ? ಖಾಲಿ ಹೊಟ್ಟೇಲಿ ಸೂಜಿ ಬೇಡ," ಎಂದಷ್ಟೇ ಕೇಳಿದರು. ಅವನು ತಲೆ ತಗ್ಗಿಸಿ ಅತ್ತುಬಿಟ್ಟ. ನಾನು ಎದ್ದು ಹೊರಗೆ ಹೋದೆ.

ಇದೆಲ್ಲ ಮೇಲಿನವರಿಗೆ ಇಷ್ಟವಾಯಿತು ಎಂದುಕೊಳ್ಳಬೇಡಿ. ನಮ್ಮ ಮೇಲಧಿಕಾರಿ ಫಾರಂ ತಿರುವಿ ಹಾಕಿ, ಇದರಲ್ಲಿ ಗುಂಡಿ ಎಂಬ ಕಾಲಂ ಎಲ್ಲಿದೆ ಎಂದು ಕೂಗಾಡಿದರು. ಹೊರದೇಶದಿಂದ ಪರಿಶೀಲನೆಗೆ ಜನ ಬರುವವರಿದ್ದರು, ಡಬ್ಬಿಯನ್ನು ಬೀರುವಿಗೆ ಹಾಕಿ ಬೀಗ ಹಾಕಿ ಎಂದರು. ಸಿಸ್ಟರ್ ಆಯ್ತು ಸಾರ್ ಎಂದರು. ಬೀಗ ಹಾಕಲಿಲ್ಲ.

ಬಂದವರಲ್ಲಿ ಆಫ್ರಿಕದ ಒಬ್ಬ ಡಾಕ್ಟರಮ್ಮ ಇದ್ದರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಹಿಂದೆ ಅವರೂ ಹೆರಿಗೆ ಮಾಡಿಸುವ ನರ್ಸಾಗಿದ್ದವರಂತೆ. ಬೇರೆಯವರು ಫೈಲು ನೋಡುತ್ತಿದ್ದರೆ ಅವರು ಫೈಲಿನ ಮೂಲೆಯ ಗುಂಡಿಗಳನ್ನು ಸವರುತ್ತಿದ್ದರು. ಇದೇನು ಎಂದು ಕೇಳಿದರು. ಸಿಸ್ಟರ್ ಕನ್ನಡದಲ್ಲಿ ಹೇಳಿದರು, ನಾನು ನನ್ನ ಹರಕು ಇಂಗ್ಲಿಷಿನಲ್ಲಿ ದಾಟಿಸಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಕೇಳಿ ಕೇಳಿ ಮೇಜು ತಟ್ಟಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ತಮ್ಮ ಊರಿನಲ್ಲೂ ಇದೇ ಕಾರ್ಡು ಅತ್ತೆಯರ ಕೈಗೇ ಸಿಗುತ್ತದೆ, ಎಷ್ಟೋ ಹೆಂಗಸರು ಅದನ್ನು ದಾರಿಯಲ್ಲೇ ಹರಿದು ಬಿಸಾಡುತ್ತಾರೆ ಎಂದರು. ಈ ರೋಗಕ್ಕೆ ನಿಮ್ಮ ಕಡೆ ಏನೆನ್ನುತ್ತೀರಿ ಎಂದು ಕೇಳಿದರು. ಪರಂಗಿಯವರ ಹುಣ್ಣು, ಅಂದರೆ ಹೊರಗಿನಿಂದ ಬಂದವರ ಹುಣ್ಣು ಎಂದೆ. ಲೋಕದಲ್ಲಿ ಎಲ್ಲ ಕಡೆಯೂ ಇದಕ್ಕೆ ಬೇರೆ ದೇಶದವರ ಹೆಸರನ್ನೇ ಇಟ್ಟಿದ್ದಾರೆ ಎಂದು ಅವರು ಹೇಳಿದಾಗ ಸಿಸ್ಟರ್ ಕಾಫಿ ಲೋಟ ಕೆಳಗಿಟ್ಟರು. "ರೋಗ ಬಂದ್ರೆ ಎಲ್ರೂ ಪಕ್ಕದ ಮನೆ ತೋರಿಸ್ತಾರೆ. ಔಷಧಿ ಬೇಕಾದಾಗ್ಲಾದ್ರೂ ಪಕ್ಕದ ಮನೆ ನೆನಪಾಯ್ತಲ್ಲ, ಅಷ್ಟು ಸಾಕು ಅಂತ ಹೇಳು ಇವರಿಗೆ."

ಹೋಗುವಾಗ ಆ ಡಾಕ್ಟರಮ್ಮ ಒಂದು ಗುಂಡಿ ಕೇಳಿ ಪಡೆದರು. ಸಿಸ್ಟರ್ ಅದರ ಜೋಡಿಯನ್ನು ಒಂದು ಖಾಲಿ ಫೈಲಿಗೆ ಹೊಲಿದಿಟ್ಟರು. ಕೆಲವು ತಿಂಗಳ ಮೇಲೆ ಒಂದು ಲಕೋಟೆ ಬಂತು. ಅವರ ಊರಿನಲ್ಲಿ ಅಂಗಿಗುಂಡಿ ನಡೆಯಲಿಲ್ಲವಂತೆ, ಹೆಂಗಸರು ಸರಕ್ಕೆ ಪೋಣಿಸುವ ಮಣಿ ಕೊಡುತ್ತಿದ್ದಾರಂತೆ, ಗಂಡಸರು ಬರುತ್ತಿದ್ದಾರಂತೆ. ಲಕೋಟೆಯೊಳಗೆ ಒಂದು ಕೆಂಪು ಮಣಿ ಇತ್ತು. ಸಿಸ್ಟರ್ ಆ ಕಾಗದವನ್ನು ನನ್ನ ಕೈಲಿ ಮೂರು ಸಲ ಓದಿಸಿದರು. ಇದನ್ನು ಯಾವ ಫೈಲಿಗೆ ಹಾಕಲಿ ಎಂದು ಕೇಳಿದೆ. ಆ ಖಾಲಿ ಫೈಲು ತೋರಿಸಿ, "ಅದಕ್ಕೇ ಹಾಕು. ಜೋಡಿ ಬಂತು ಅಂತ ಬರ್ಕೋ," ಎಂದರು. ಅಷ್ಟು ದೂರದ ಎರಡು ಊರುಗಳನ್ನು, ಪಾಸ್‌ಪೋರ್ಟೂ ಇಲ್ಲದ ಭದ್ರಾವತಿಯ ಒಬ್ಬ ದರ್ಜಿಯ ಮಗಳು ಹೊಲಿದು ಸೇರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಂಥವರನ್ನು ಆಮೇಲೆ ನಾನು ನೋಡಿಲ್ಲ.

ಆ ಹುಡುಗಿಗೆ ಗೋಪಾಳದಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಅದರ ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಎಂದು ಗೊತ್ತಾದ ದಿನ ಸಿಸ್ಟರ್ ನನಗೂ ಒಂದು ಲೋಟ ಕಾಫಿ ತರಿಸಿಕೊಟ್ಟರು. ಮತ್ತೆ ಕೆಲವು ದಿನಗಳಾದ ಮೇಲೆ ಭದ್ರಾವತಿಯ ಆ ಅತ್ತೆ ಬಿ.ಪಿ. ನೋಡಿಸಿಕೊಳ್ಳುವ ನೆವ ಮಾಡಿಕೊಂಡು ಬಂದರು. ಸೊಸೆ ಮನೆಗೆ ಬಂದಿದ್ದಾಳೆ ಎಂದಾಗಲೀ, ತಪ್ಪಾಯಿತು ಎಂದಾಗಲೀ ಹೇಳಲಿಲ್ಲ. ಎದ್ದು ಹೋಗುವಾಗ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಳೆಯ ಗುಂಡಿಗಳನ್ನು ಮೇಜಿನ ಮೇಲೆ ಸುರಿದು, "ಮನೇಲಿ ಸುಮ್ನೆ ಬಿದ್ದಿದ್ವು," ಎಂದರು.

ಆಮೇಲೆ ನನಗೆ ಮದುವೆಯಾಯಿತು, ಕೆಲಸ ಬಿಟ್ಟೆ. ಹಣ ಕೊಡುತ್ತಿದ್ದ ದೇಶಗಳು ಬೇರೆ ಕಡೆ ನೋಡಿದವು, ಯೋಜನೆ ಮುಗಿಯಿತು. ಕ್ಲಿನಿಕ್ಕಿದ್ದ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಸಿಸ್ಟರ್ ಭದ್ರಾವತಿಯಲ್ಲೇ ಇದ್ದರು. ಹಬ್ಬಕ್ಕೆ ಫೋನು ಮಾಡಿದರೆ "ಇನ್ನೂ ಬದುಕಿದೀಯಾ ಮಾರಾಯ್ತಿ" ಎಂದು ಬೈಯುತ್ತಿದ್ದರು. ಹೋಗಬೇಕು, ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ... ಹೋದದ್ದು ಕಳೆದ ವರ್ಷ, ಅವರು ಹೋದ ಸುದ್ದಿ ಬಂದ ಮೇಲೆ.

ಆ ಪುಟ್ಟ ಮನೆಯ ಮುಂದೆ ನಾನು ಎಣಿಸಿದ್ದಕ್ಕಿಂತ ತುಂಬ ಜನ ಇದ್ದರು. ಒಬ್ಬರಿಗೊಬ್ಬರು ಪರಿಚಯವಿಲ್ಲ. ನಿಮಗೆ ಇವರು ಹೇಗೆ ಗೊತ್ತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಆ ಗುಂಪಿನಲ್ಲಿ ಗೋಪಾಳದ ಆ ಹುಡುಗಿಯನ್ನು ಗುರುತು ಹಿಡಿದೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಅವಳಿಗಿಂತ ಎತ್ತರದ, ದೊಡ್ಡ ಕಣ್ಣಿನ ಮಗಳು. ಆ ಕಣ್ಣುಗಳನ್ನೇ ನೋಡುತ್ತ ನಿಂತೆ. ತಾಯಿ ನನ್ನ ಕಡೆ ನೋಡಿದಳು. ಅವಳು ನಗಲಿಲ್ಲ, ನಾನೂ ನಗಲಿಲ್ಲ. ಸಿಸ್ಟರ್ ಹೇಳಿಕೊಟ್ಟದ್ದು ಹಾಗೆ.

"ಯಾರಮ್ಮಾ ಇವರು? ನಮಗೇನಾಗ್ಬೇಕು?" ಎಂದು ಮಗಳು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು.

"ಟೈಲರ್ ಮಗಳು," ಎಂದಳು ತಾಯಿ. "ನೀನು ಹೊಟ್ಟೇಲಿದ್ದಾಗ ನಿಮ್ಮಪ್ಪನ ಅಂಗಿಗೆ ಗುಂಡಿ ಕೊಟ್ಟಿದ್ರು."

ಗಾಂಧಿ ಬಜಾರಿನ ಅಂಗಡಿಯವರು ಅಷ್ಟೂ ಗುಂಡಿಗಳನ್ನು ಕೆದಕಿ ತಲೆ ಅಲ್ಲಾಡಿಸಿದರು. "ಇದೇ ಥರದ್ದು ಇಲ್ಲ ಮೇಡಂ, ಹತ್ತಿರದ್ದು ಕೊಡ್ಲಾ?" ಬೇಡ ಎಂದೆ. ತಂದಿದ್ದ ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ಬಂದು, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಸ್ ನಿಲ್ದಾಣದ ಹಿಂದಿನ ಆ ಬೀದಿಯವರೆಗೂ ನಡೆದುಬಿಟ್ಟಿದ್ದೆ. ಮೊಬೈಲ್ ಅಂಗಡಿಯವನು ಏನು ಬೇಕು ಎಂದು ಕೇಳಿದ. ಏನೂ ಇಲ್ಲ ಎಂದೆ. ಗುಂಡಿ ಹಿಡಿದು ಬಂದವರಿಗೆ ಊಟ ಆಯ್ತಾ ಎಂದು ಕೇಳುವವರು ಅಲ್ಲಿ ಈಗ ಯಾರೂ ಇಲ್ಲ.